ಹಳೆಯ ಗಿಟಾರ್ ಪೆಡಲ್‌ಗಳ ಫುಟ್‌ಸ್ವಿಚ್ ದುರಸ್ತಿ: ದೋಷ ಪತ್ತೆಯಿಂದ ಮರುಜೋಡಣೆಯವರೆಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ರಸಮಂಜರಿ ತಂಡಗಳಲ್ಲಿ, ಚರ್ಚಿನ ಗಾಯನ ವೃಂದಗಳಲ್ಲಿ ಮತ್ತು ಕಾಲೇಜು ಬ್ಯಾಂಡ್‌ಗಳಲ್ಲಿ ಗಿಟಾರ್ ನುಡಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: “ಹಳೆಯ ಪೆಡಲ್ ಒತ್ತಿದರೆ ಒಮ್ಮೆ ಆನ್ ಆಗುತ್ತದೆ, ಇನ್ನೊಮ್ಮೆ ಆಗುವುದಿಲ್ಲ. ಸ್ವಿಚ್ ಬದಲಿಸಿದರೆ ಸಾಕೇ, ಪೆಡಲನ್ನೇ ಬದಲಿಸಬೇಕೇ?” ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಇಡೀ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಪೆಡಲ್ ಎಂದರೆ ಗಿಟಾರಿನ ಧ್ವನಿಯನ್ನು ಬದಲಿಸಲು ಕಾಲಿನಿಂದ ಒತ್ತಿ ಆನ್, ಆಫ್ ಮಾಡುವ ಪುಟ್ಟ ಪೆಟ್ಟಿಗೆ. ಬಹುಪಾಲು ಸಂದರ್ಭಗಳಲ್ಲಿ ಪೆಡಲಿನ ಒಳಗಿನ ಸರ್ಕ್ಯೂಟ್ ಚೆನ್ನಾಗಿಯೇ ಇರುತ್ತದೆ. ಕಾಲಿನ ಭಾರವನ್ನು ವರ್ಷಗಟ್ಟಲೆ ಹೊತ್ತ ಫುಟ್‌ಸ್ವಿಚ್ ಎಂಬ ಒಂದು ಸಣ್ಣ ಯಾಂತ್ರಿಕ ಭಾಗ ಮಾತ್ರ ಸವೆದಿರುತ್ತದೆ. ಆದರೆ ಸ್ವಿಚ್ಚೇ ಕೆಟ್ಟಿದೆ ಎಂದು ಖಚಿತವಾಗುವ ಮುನ್ನ ಸೋಲ್ಡರಿಂಗ್ ಐರನ್ನನ್ನು ಬಿಸಿ ಮಾಡಬೇಡಿ ಎಂಬುದು ನನ್ನ ಮುಖ್ಯ ಸಲಹೆ. ದುರಸ್ತಿಗೆಂದು ಬರುವ ಪೆಡಲ್‌ಗಳಲ್ಲಿ ಮೂಲ ದೋಷಕ್ಕಿಂತ ಅವಸರದ ಬೆಸುಗೆಯಿಂದಾದ ಹಾನಿಯೇ ಹೆಚ್ಚಾಗಿರುವುದು ಅಪರೂಪವಲ್ಲ.

ನಮ್ಮ ಭಾಗದಲ್ಲಿ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳಲು ಕಾರಣಗಳಿವೆ. ಜಾತ್ರೆ, ಉತ್ಸವ, ಮದುವೆಗಳ ವೇದಿಕೆಗಳು ಬಹುತೇಕ ಬಯಲಿನಲ್ಲಿರುತ್ತವೆ. ಎರೆಭೂಮಿಯ ನುಣುಪು ಧೂಳು, ಅದಿರು ಸಾಗುವ ರಸ್ತೆಗಳ ಕೆಂಪು ಪುಡಿ, ಸಿಂಧನೂರು ಮತ್ತು ಗಂಗಾವತಿಯ ಅಕ್ಕಿ ಗಿರಣಿಗಳ ಸುತ್ತಲಿನ ಹೊಟ್ಟಿನ ಪುಡಿ, ಎಲ್ಲವೂ ಸ್ವಿಚ್ಚಿನ ಗುಂಡಿಯ ಸುತ್ತಲಿನ ಸಂದಿಯಿಂದ ಒಳಗೆ ಇಳಿದು, ಅಲ್ಲಿರುವ ಜಿಡ್ಡಿನೊಂದಿಗೆ ಬೆರೆತು ಗಟ್ಟಿಯಾಗುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ವಾಹನದೊಳಗೆ ಬಿಟ್ಟ ಪೆಡಲಿನ ರಬ್ಬರ್ ಭಾಗಗಳು ಗಡುಸಾಗಿ ಬಿರುಕು ಬಿಡುತ್ತವೆ.

ಮೊದಲು ನಿಮ್ಮ ಪೆಡಲ್ ಯಾವ ಜಾತಿಯದೆಂದು ತಿಳಿಯಿರಿ

ಹೊರಗಿನಿಂದ ನೋಡಿದರೆ ಎಲ್ಲವೂ ಕಾಲಿನಿಂದ ಒತ್ತುವ ಗುಂಡಿಗಳೇ. ಒಳಗೆ ಮಾತ್ರ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ, ಮತ್ತು ಒಂದಕ್ಕೆ ಹೊಂದುವ ದುರಸ್ತಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲನೆಯದು ಕ್ಷಣಿಕ ಸ್ವಿಚ್ ಇರುವ ಪೆಡಲ್. ಒತ್ತಿದಾಗ ಮಾತ್ರ ಸಂಪರ್ಕ ಕೂಡಿ, ಕಾಲು ತೆಗೆದೊಡನೆ ಬಿಟ್ಟುಹೋಗುವ ಸ್ವಿಚ್ಚನ್ನು ಕ್ಷಣಿಕ ಸ್ವಿಚ್ ಎನ್ನೋಣ. ಬಾಸ್ ಕಂಪನಿಯ ಚಿಕ್ಕ ಪೆಡಲ್‌ಗಳು, ಐಬನೆಜ್ ಟ್ಯೂಬ್ ಸ್ಕ್ರೀಮರ್ ಮೊದಲಾದವು ಈ ಗುಂಪಿನವು. ಇವುಗಳಲ್ಲಿ ಗಿಟಾರಿನ ಧ್ವನಿ ಸ್ವಿಚ್ಚಿನ ಮೂಲಕ ಹಾದುಹೋಗುವುದೇ ಇಲ್ಲ. ಸ್ವಿಚ್ ಒಂದು ಸೂಚನೆಯನ್ನಷ್ಟೇ ಕೊಡುತ್ತದೆ; ಆ ಸೂಚನೆಯನ್ನು ಪಡೆದ ಫ್ಲಿಪ್-ಫ್ಲಾಪ್, ಅಂದರೆ ಪ್ರತಿ ಒತ್ತಿಗೂ ತನ್ನ ಸ್ಥಿತಿಯನ್ನು ಬದಲಿಸಿ ಅದನ್ನೇ ನೆನಪಿಟ್ಟುಕೊಳ್ಳುವ ಪುಟ್ಟ ಸರ್ಕ್ಯೂಟ್, ಫೆಟ್ ಎಂಬ ಜಾತಿಯ ಟ್ರಾನ್ಸಿಸ್ಟರ್‌ಗಳ ಮೂಲಕ ಧ್ವನಿಯ ದಾರಿಯನ್ನು ಬದಲಿಸುತ್ತದೆ. ಹಲವು ಎಫೆಕ್ಟ್‌ಗಳನ್ನು, ಅಂದರೆ ಧ್ವನಿ ಬದಲಾವಣೆಗಳನ್ನು, ಒಂದೇ ಪೆಟ್ಟಿಗೆಯಲ್ಲಿ ಕೊಡುವ ಹಳೆಯ ಮಲ್ಟಿ ಎಫೆಕ್ಟ್ ಘಟಕಗಳ ಗುಂಡಿಗಳ ಕೆಳಗೂ ಸಾಮಾನ್ಯವಾಗಿ ಇಂಥದ್ದೇ ಸಣ್ಣ ಸ್ವಿಚ್ ಇರುತ್ತದೆ.

ಎರಡನೆಯದು ‘ಟಕ್’ ಎಂದು ಗಟ್ಟಿಯಾಗಿ ಸದ್ದು ಮಾಡಿ, ಒತ್ತಿದ ಸ್ಥಿತಿಯಲ್ಲೇ ನಿಲ್ಲುವ ಲೋಹದ ಗುಂಡಿಯ ಸ್ವಿಚ್. ಇದನ್ನು ಲ್ಯಾಚಿಂಗ್ ಸ್ವಿಚ್ ಎನ್ನುತ್ತಾರೆ. ಹಳೆಯ ಎಲೆಕ್ಟ್ರೋ ಹಾರ್ಮೋನಿಕ್ಸ್ ಬಿಗ್ ಮಫ್, ಎಂಎಕ್ಸ್‌ಆರ್ ಪೆಡಲ್‌ಗಳು, ಫಜ್ ಫೇಸ್, ಡನ್‌ಲಪ್ ಕ್ರೈ ಬೇಬಿ ಎಂಬ, ಪಾದದ ಹಲಗೆಯನ್ನು ಹಿಂದೆಮುಂದೆ ಆಡಿಸುವ ವಾ ಪೆಡಲ್ ಈ ಗುಂಪಿನವು. ಇಲ್ಲಿ ಧ್ವನಿಯೇ ಸ್ವಿಚ್ಚಿನ ಸಂಪರ್ಕಗಳ ಮೂಲಕ ಹರಿಯುವುದರಿಂದ ಸಂಪರ್ಕ ಮಸುಕಾದರೆ ಧ್ವನಿ ಕರಕರ ಎನ್ನುತ್ತದೆ, ಕ್ಷೀಣಿಸುತ್ತದೆ, ಇಲ್ಲವೇ ಪೂರ್ತಿ ನಿಂತುಹೋಗುತ್ತದೆ. ಹಿಂಬದಿಯ ಪಿನ್‌ಗಳನ್ನು ಎಣಿಸಿದರೆ ಜಾತಿ ತಿಳಿಯುತ್ತದೆ: 3 ಪಿನ್ ಇದ್ದರೆ ಎಸ್‌ಪಿಡಿಟಿ, 6 ಇದ್ದರೆ ಡಿಪಿಡಿಟಿ, 9 ಇದ್ದರೆ ತ್ರೀಪಿಡಿಟಿ. ಕ್ರಮವಾಗಿ ಒಂದು, ಎರಡು ಅಥವಾ ಮೂರು ಪ್ರತ್ಯೇಕ ದಾರಿಗಳನ್ನು ಏಕಕಾಲಕ್ಕೆ ಬದಲಿಸುವ ಸ್ವಿಚ್ಚುಗಳಿವು.

ಬೇಕಾಗುವ ಸಾಮಗ್ರಿ

ಬೀಪ್ ಸದ್ದಿನ ಸಂಪರ್ಕ ಪರೀಕ್ಷೆ ಇರುವ ಸಾಧಾರಣ ಮಲ್ಟಿಮೀಟರ್, 25 ವ್ಯಾಟಿನ ಸೋಲ್ಡರಿಂಗ್ ಐರನ್, ಒಳಗೆ ರಾಳವಿರುವ 60/40 (60 ಪಾಲು ತವರ, 40 ಪಾಲು ಸೀಸ) ಸೋಲ್ಡರ್ ತಂತಿ, ಹಳೆಯ ಬೆಸುಗೆಯನ್ನು ಹೀರುವ ಪಂಪ್ ಅಥವಾ ತಾಮ್ರದ ವಿಕ್, ತುದಿ ಚೂಪಾದ ಚಿಮಟ, ಲ್ಯಾಚಿಂಗ್ ಸ್ವಿಚ್ಚಿನ ನಟ್ಟಿಗೆ 14ರ ಪಾನಾ, ಐಸೊಪ್ರೊಪೈಲ್ ಆಲ್ಕೋಹಾಲ್, ವಿದ್ಯುತ್ ಸಂಪರ್ಕಗಳಿಗೆಂದೇ ಮಾರುವ ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಒಂದು ಹೊಸ 9 ವೋಲ್ಟ್ ಬ್ಯಾಟರಿ. ಜಪಾನಿನಲ್ಲಿ ತಯಾರಾದ ಹಳೆಯ ಪೆಡಲ್‌ಗಳ ಸ್ಕ್ರೂ ತಲೆಗಳ ಸೀಳು ಸಾಮಾನ್ಯ ನಕ್ಷತ್ರ ತುದಿಯ ಸ್ಕ್ರೂಡ್ರೈವರಿಗಿಂತ ಸ್ವಲ್ಪ ಭಿನ್ನವಾಗಿರುತ್ತದೆ. ಆದ್ದರಿಂದ ಹೊಂದುವ ತುದಿಯನ್ನು ಹುಡುಕಿ, ಬಲವಾಗಿ ಕೆಳಗೊತ್ತಿ, ನಿಧಾನವಾಗಿ ತಿರುಗಿಸಿ. ತಲೆ ಸವೆದುಹೋದ ಸ್ಕ್ರೂ ಇಡೀ ಕೆಲಸವನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತದೆ.

ಬಿಡಿಭಾಗಗಳ ವಿಚಾರಕ್ಕೆ ಬಂದರೆ, ಕ್ಷಣಿಕ ಜಾತಿಯ 6×6 ಮಿಲಿಮೀಟರ್ ಅಳತೆಯ ಟ್ಯಾಕ್ಟ್ ಸ್ವಿಚ್ ಯಾವುದೇ ಊರಿನ ಟಿವಿ ದುರಸ್ತಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಅಂಗಡಿಯವರು ಅದನ್ನು ಮೈಕ್ರೋ ಸ್ವಿಚ್ ಎಂದೂ ಕರೆಯುವುದುಂಟು, ಆದ್ದರಿಂದ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ತೋರಿಸುವುದು ಮೇಲು. ಲ್ಯಾಚಿಂಗ್ ಸ್ವಿಚ್ ನಮ್ಮ ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅಥವಾ ರಾಯಚೂರಿನವರಿಗೆ ಹತ್ತಿರವಾಗುವ ಹೈದರಾಬಾದಿನ ಕೋಠಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ತರಿಸುವಾಗ ಒಂದರ ಬದಲು ಎರಡನ್ನು ತರಿಸಿ. ಅಗ್ಗದ ಸ್ವಿಚ್ಚುಗಳಲ್ಲಿ ಹೊಸದಾಗಿರುವಾಗಲೇ ದೋಷವಿರುವ ತುಣುಕುಗಳೂ ಬರುತ್ತವೆ.

ಹಂತ 1: ತೆರೆಯುವ ಮುನ್ನ ಹೊರಗಿನ ಕಾರಣಗಳನ್ನು ತಳ್ಳಿಹಾಕಿ

ಪೆಡಲಿಗೆ ಗಿಟಾರ್ ಮತ್ತು ಆಂಪ್ಲಿಫೈಯರ್ ಬಿಟ್ಟು ಬೇರೇನನ್ನೂ ಜೋಡಿಸದೆ, ಚೆನ್ನಾಗಿವೆ ಎಂದು ಗೊತ್ತಿರುವ ಎರಡು ಕೇಬಲ್‌ಗಳನ್ನು ಬಳಸಿ, ಹೊಸ ಬ್ಯಾಟರಿ ಹಾಕಿ ಪರೀಕ್ಷಿಸಿ. ಬ್ಯಾಟರಿ ಇಳಿದಿದ್ದರೆ ಫ್ಲಿಪ್-ಫ್ಲಾಪ್ ಸರಿಯಾಗಿ ಸ್ಥಿತಿ ಬದಲಿಸುವುದಿಲ್ಲ, ಮತ್ತು ಅದು ಸ್ವಿಚ್ ಕೆಟ್ಟಂತೆಯೇ ತೋರುತ್ತದೆ. ಅಡಾಪ್ಟರಿನಲ್ಲಿ ತೊಂದರೆ ಕೊಟ್ಟು ಬ್ಯಾಟರಿಯಲ್ಲಿ ಸರಿಯಾಗಿ ನಡೆಯುವ ಪೆಡಲಿನ ಸ್ವಿಚ್ಚನ್ನು ಮುಟ್ಟಬೇಕಾಗಿಲ್ಲ.

ಇಲ್ಲಿ ಹಳೆಯ ಬಾಸ್ ಪೆಡಲ್‌ಗಳ ಒಂದು ವಿಶೇಷವನ್ನು ಬಿಡಿಸಿ ಹೇಳಬೇಕು, ಏಕೆಂದರೆ ‘ಸ್ವಿಚ್ ಕೆಟ್ಟಿದೆ’ ಎಂಬ ತಪ್ಪು ತೀರ್ಮಾನಕ್ಕೆ ಇದು ಬಹಳ ಸಲ ಕಾರಣವಾಗುತ್ತದೆ. ಅವುಗಳಲ್ಲಿ ಕೆಲವಕ್ಕೆ ಎಸಿಎ ಎಂಬ ಗುರುತಿನ ಅಡಾಪ್ಟರ್ ಬೇಕೆಂದು ಪೆಡಲಿನ ಮೇಲೆಯೇ ಬರೆದಿರುತ್ತದೆ. ಅದು ಸುಮಾರು 12 ವೋಲ್ಟ್ ಕೊಡುವ ಹಳೆಯ ಮಾದರಿಯ ಅಡಾಪ್ಟರ್, ಮತ್ತು ಆ ಹೆಚ್ಚಿನ ವೋಲ್ಟೇಜನ್ನು ಇಳಿಸಿಕೊಳ್ಳುವ ಭಾಗಗಳು ಪೆಡಲಿನ ಒಳಗೇ ಇರುತ್ತವೆ. ಇಂದಿನ 9 ವೋಲ್ಟ್ ಅಡಾಪ್ಟರನ್ನು ಅಂಥ ಪೆಡಲಿಗೆ ಚುಚ್ಚಿದರೆ ಒಳಗೆ ತಲುಪುವ ವೋಲ್ಟೇಜ್ ಕಡಿಮೆಯಾಗಿ, ಎಲ್‌ಇಡಿ ಮಂಕಾಗಿ, ಎಫೆಕ್ಟ್ ಆನ್ ಆಗುವುದೇ ಇಲ್ಲ. ಬ್ಯಾಟರಿಯಿಂದ ಪರೀಕ್ಷಿಸಿದರೆ ಸತ್ಯ ತಕ್ಷಣ ತಿಳಿಯುತ್ತದೆ.

ಇಂದಿನ ಹೆಚ್ಚಿನ ಪೆಡಲ್ ಅಡಾಪ್ಟರ್‌ಗಳಲ್ಲಿ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ ಆಗಿರುತ್ತದೆ. ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್ ಪೆಡಲ್‌ಗಳಲ್ಲಿ ಧನ ತುದಿಯೇ ಗ್ರೌಂಡ್, ಅಂದರೆ ಸರ್ಕ್ಯೂಟಿನ ಎಲ್ಲ ಭಾಗಗಳಿಗೂ ಸಾಮಾನ್ಯವಾದ ತುದಿ, ಆಗಿರುವುದುಂಟು. ಅವನ್ನು ಬೇರೆ ಪೆಡಲ್‌ಗಳೊಂದಿಗೆ ಒಂದೇ ಅಡಾಪ್ಟರಿಗೆ ಜೋಡಿಸಲೇಬೇಡಿ.

ಹಂತ 2: ಸುರಕ್ಷಿತವಾಗಿ ತೆರೆಯಿರಿ

ಪೆಡಲಿನಿಂದ ನೇರವಾಗಿ ಗೋಡೆಯ ಪ್ಲಗ್ಗಿಗೆ ಹೋಗುವ ವೈರ್ ಇದ್ದರೆ, ಅಂದರೆ ಒಳಗೇ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಫ್ಲ್ಯಾಂಜರ್ ಅಥವಾ ಡಿಲೇ ಪೆಡಲ್ ಆಗಿದ್ದರೆ, ಇಲ್ಲಿಗೇ ನಿಲ್ಲಿಸಿ ಅನುಭವಿ ತಂತ್ರಜ್ಞರಿಗೆ ಕೊಡಿ. ಮನೆಯ ವಿದ್ಯುತ್ತು ಹರಿಯುವ ಪೆಟ್ಟಿಗೆಯನ್ನು ಈ ಲೇಖನದ ಆಧಾರದ ಮೇಲೆ ತೆರೆಯಬಾರದು. ಮುಂದಿನ ಎಲ್ಲ ಹಂತಗಳೂ 9 ವೋಲ್ಟಿನ ಪೆಡಲ್‌ಗಳಿಗೆ ಮಾತ್ರ ಅನ್ವಯಿಸುತ್ತವೆ.

ಅಡಾಪ್ಟರ್, ಬ್ಯಾಟರಿ, ಕೇಬಲ್ ಎಲ್ಲವನ್ನೂ ತೆಗೆದ ನಂತರ ತಳದ ಸ್ಕ್ರೂಗಳನ್ನು ಬಿಚ್ಚಿ. ತಳಕ್ಕೆ ರಬ್ಬರ್ ಹಾಳೆ ಅಂಟಿಸಿದ್ದರೆ ಅದರ ಮೇಲಿನ ಸಂಖ್ಯೆಯ ಚೀಟಿ ಹರಿಯದಂತೆ ನೋಡಿಕೊಳ್ಳಿ. ಹಳೆಯ ಪೆಡಲಿನ ವಯಸ್ಸನ್ನು ಗುರುತಿಸಲು ಅದು ಬೇಕಾಗುತ್ತದೆ. ಬಾಸ್ ಪೆಡಲ್‌ಗಳಲ್ಲಿ ಸರ್ಕ್ಯೂಟ್ ಬೋರ್ಡಿಗೂ ತಳದ ತಗಡಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದು ಬೇಡದ ವಸ್ತುವೆಂದು ಎಸೆದುಬಿಟ್ಟರೆ ಬೋರ್ಡಿನ ಬೆಸುಗೆಗಳು ತಗಡಿಗೆ ತಾಗಿ ಪೆಡಲ್ ಸುಮ್ಮನಾಗುತ್ತದೆ, ಆಗ ಇಲ್ಲದ ದೋಷವನ್ನು ಹುಡುಕುತ್ತ ಕೂರಬೇಕಾಗುತ್ತದೆ.

ಒಣ ಹವೆಯ ನಮ್ಮ ಬೇಸಿಗೆಯಲ್ಲಿ ಮೈಮೇಲೆ ಸ್ಥಿರ ವಿದ್ಯುತ್ತು ಸುಲಭವಾಗಿ ಸೇರುತ್ತದೆ. ಕೋರಸ್, ಡಿಲೇ ಪೆಡಲ್‌ಗಳ ಒಳಗಿನ ಹಳೆಯ ಚಿಪ್‌ಗಳು ಇದರಿಂದ ಕೆಡಬಲ್ಲವು. ಕೆಲಸಕ್ಕೆ ಕೂರುವ ಮೊದಲು ನೆಲಕ್ಕೆ ಸಂಪರ್ಕವಿರುವ ಕಬ್ಬಿಣದ ಕಿಟಕಿ ಸರಳು ಅಥವಾ ನಲ್ಲಿಯನ್ನು ಮುಟ್ಟಿ, ಪಾಲಿಯೆಸ್ಟರ್ ಬಟ್ಟೆ ಹಾಸಿದ ಮೇಜನ್ನು ಬಿಟ್ಟು ಮರದ ಹಲಗೆಯ ಮೇಲೆ ಕೆಲಸ ಮಾಡಿ.

ಏನನ್ನೂ ಕದಲಿಸುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಯಾವ ಬಣ್ಣದ ವೈರ್ ಯಾವ ಪಿನ್ನಿಗೆ ಹೋಗಿದೆ ಎಂಬುದು ಫೋಟೊದಲ್ಲಿ ಸ್ಪಷ್ಟವಾಗಿ ಓದಲು ಬರಬೇಕು. ಬರದಿದ್ದರೆ ಕಾಗದದ ಮೇಲೆ ಚಿತ್ರ ಬರೆದುಕೊಳ್ಳಿ.

ಹಂತ 3: ದೋಷ ಸ್ವಿಚ್ಚಿನಲ್ಲೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ

ಇಡೀ ದುರಸ್ತಿಯ ಜೀವ ಈ ಹಂತದಲ್ಲಿದೆ. ಇದಕ್ಕೆ ಎಷ್ಟು ಸಮಯ ಹಿಡಿದರೂ ಕೊಡಿ.

ಮೊದಲು ಕಣ್ಣಿನಿಂದ ನೋಡಿ. ಲ್ಯಾಚಿಂಗ್ ಸ್ವಿಚ್ಚಿನ ನಟ್ಟು ಸಡಿಲವಾಗಿದ್ದರೆ ಪ್ರತಿ ಸಲ ಒತ್ತಿದಾಗಲೂ ಸ್ವಿಚ್ಚಿನ ಒಡಲು ತುಸು ತಿರುಗುತ್ತದೆ, ವೈರ್‌ಗಳು ಎಳೆಯಲ್ಪಡುತ್ತವೆ, ಕೊನೆಗೆ ಪಿನ್ನಿನ ಬುಡದಲ್ಲಿ ಒಂದು ವೈರ್ ಕಡಿಯುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇದ್ದು ಒಳಗಿನ ತಾಮ್ರ ಮಾತ್ರ ಮುರಿದಿರಬಹುದಾದ್ದರಿಂದ ಪ್ರತಿಯೊಂದು ವೈರನ್ನೂ ಚಿಮಟದಿಂದ ಮೆಲ್ಲಗೆ ಅಲುಗಾಡಿಸಿ ನೋಡಬೇಕು. ‘ಸ್ವಿಚ್ ಹೋಗಿದೆ’ ಎಂದು ತಂದ ಎಷ್ಟೋ ಪೆಡಲ್‌ಗಳಿಗೆ ಬೇಕಾಗುವುದು ಒಂದು ವೈರಿನ ಮರುಬೆಸುಗೆ ಮತ್ತು ನಟ್ಟು ಬಿಗಿಯುವುದು, ಅಷ್ಟೇ.

ಕ್ಷಣಿಕ ಸ್ವಿಚ್ಚಿನ ಪರೀಕ್ಷೆ ಹೀಗಿದೆ. ತಳ ತೆರೆದಿರುವಂತೆಯೇ ಬ್ಯಾಟರಿ ಜೋಡಿಸಿ, ಗಿಟಾರ್ ಕೇಬಲ್ ಚುಚ್ಚಿ. ಬಹುತೇಕ ಪೆಡಲ್‌ಗಳಲ್ಲಿ ಇನ್‌ಪುಟ್ ಜ್ಯಾಕಿಗೆ ಕೇಬಲ್ ಹಾಕಿದಾಗ ಮಾತ್ರ ಬ್ಯಾಟರಿಯ ಸಂಪರ್ಕ ಕೂಡುತ್ತದೆ, ಆದ್ದರಿಂದ ಕೇಬಲ್ ಇಲ್ಲದೆ ಪರೀಕ್ಷಿಸಿ ‘ಪೆಡಲ್ ಸತ್ತಿದೆ’ ಎನ್ನಬೇಡಿ. ಈಗ ಸ್ವಿಚ್ಚಿನಿಂದ ಬೋರ್ಡಿಗೆ ಬರುವ ಎರಡು ವೈರ್‌ಗಳ ಬೆಸುಗೆ ಬಿಂದುಗಳನ್ನು ಚಿಮಟದ ಎರಡು ತುದಿಗಳಿಂದ ಒಂದು ಕ್ಷಣ ಮುಟ್ಟಿ ಬಿಡಿ. ಹೀಗೆ ಮುಟ್ಟಿದಾಗಲೆಲ್ಲ ಎಲ್‌ಇಡಿ ಒಮ್ಮೆ ಹೊತ್ತಿ ಒಮ್ಮೆ ಆರುತ್ತ ಸ್ಥಿತಿ ಬದಲಾಗುತ್ತಿದ್ದರೆ ಫ್ಲಿಪ್-ಫ್ಲಾಪ್ ಸರಿಯಾಗಿದೆ, ದೋಷ ಸ್ವಿಚ್ಚಿನಲ್ಲೋ ಅದನ್ನು ಒತ್ತುವ ಭಾಗದಲ್ಲೋ ಇದೆ. ಏನೂ ಬದಲಾಗದಿದ್ದರೆ ದೋಷ ಬೋರ್ಡಿನಲ್ಲಿದೆ. ಹೊಸ ಸ್ವಿಚ್ ಹಾಕಿ ಪ್ರಯೋಜನವಿಲ್ಲ. ಮಲ್ಟಿ ಎಫೆಕ್ಟ್ ಘಟಕದ ಬೋರ್ಡಿನ ಮೇಲೇ ಕುಳಿತ ಟ್ಯಾಕ್ಟ್ ಸ್ವಿಚ್ಚಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಆದರೆ ಚಿಮಟ ಪಕ್ಕದ ಬಿಂದುಗಳಿಗೆ ತಾಗದಂತೆ ಎಚ್ಚರ ವಹಿಸಬೇಕು.

ಈ ಪರೀಕ್ಷೆಯಲ್ಲಿ ಪಾಸಾದರೂ ಒಂದು ಸಂಶಯ ಉಳಿಯುತ್ತದೆ. ಬಾಸ್ ಮಾದರಿಯ ಪೆಡಲ್‌ಗಳಲ್ಲಿ ಕಾಲಿಡುವ ಮುಚ್ಚಳದ ಒಳಬದಿಯ ಚಾಚು ಸ್ವಿಚ್ಚಿನ ಗುಂಡಿಯನ್ನು ಒತ್ತುತ್ತದೆ. ಸ್ಪ್ರಿಂಗ್ ಜಾರಿದ್ದರೆ, ರಬ್ಬರ್ ಕುಗ್ಗಿದ್ದರೆ ಅಥವಾ ಬ್ಯಾಟರಿ ಗೂಡಿನ ಅಂಚಿನಲ್ಲಿ ಮಣ್ಣು ಗಟ್ಟಿಯಾಗಿ ಮುಚ್ಚಳ ಪೂರ್ತಿ ಕೆಳಗಿಳಿಯದಿದ್ದರೆ, ಸ್ವಿಚ್ ಚೆನ್ನಾಗಿದ್ದರೂ ಒತ್ತು ತಲುಪುವುದಿಲ್ಲ. ಮುಚ್ಚಳ ತೆಗೆದು ಸ್ವಿಚ್ಚಿನ ಗುಂಡಿಯನ್ನು ನೇರವಾಗಿ ಬೆರಳಿನಿಂದ ಒತ್ತಿ ನೋಡಿ. ಬೆರಳಿಗೆ ಪ್ರತಿ ಸಲವೂ ಸ್ಪಂದಿಸಿ ಮುಚ್ಚಳಕ್ಕೆ ಸ್ಪಂದಿಸದಿದ್ದರೆ ನಿಮಗೆ ಬೇಕಿರುವುದು ಬ್ರಷ್ಷು ಮತ್ತು ಒಂದಿಷ್ಟು ಆಲ್ಕೋಹಾಲ್ ಮಾತ್ರ. ವಾ ಪೆಡಲಿನಲ್ಲೂ ಇದೇ ಮಾತು: ಸ್ವಿಚ್ ತನ್ನ ನಟ್ಟಿನಲ್ಲಿ ಕೆಳಗೆ ಸರಿದಿದ್ದರೆ ಪಾದದ ಹಲಗೆ ಗುಂಡಿಯನ್ನು ಪೂರ್ತಿ ಒತ್ತುವುದಿಲ್ಲ. ಸ್ವಿಚ್ಚಿನ ಎರಡು ನಟ್ಟುಗಳನ್ನು ಹೊಂದಿಸಿ ಎತ್ತರ ಸರಿಪಡಿಸಿದರೆ ಸಾಕು.

ಲ್ಯಾಚಿಂಗ್ ಸ್ವಿಚ್ಚಿಗೆ, ಬ್ಯಾಟರಿ ತೆಗೆದು, ಮಲ್ಟಿಮೀಟರನ್ನು ಸಂಪರ್ಕ ಪರೀಕ್ಷೆಗೆ ಇಟ್ಟುಕೊಳ್ಳಿ. ಪ್ರತಿ ದಾರಿಯಲ್ಲೂ ಮೂರು ಪಿನ್‌ಗಳು ಒಂದೇ ಸಾಲಿನಲ್ಲಿರುತ್ತವೆ, ನಡುವಿನದು ಸಾಮಾನ್ಯ ಪಿನ್. ಒಂದು ಸ್ಥಿತಿಯಲ್ಲಿ ನಡುವಿನ ಪಿನ್ ಒಂದು ಬದಿಗೆ, ಇನ್ನೊಂದು ಸ್ಥಿತಿಯಲ್ಲಿ ಮತ್ತೊಂದು ಬದಿಗೆ ಬೀಪ್ ಕೊಡಬೇಕು. ಬೀಪ್ ಬಂದರೂ ಓಮ್ ಅಳತೆಯನ್ನೂ ನೋಡಿ: ಒಳ್ಳೆಯ ಸಂಪರ್ಕದಲ್ಲಿ ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವಷ್ಟೇ ಅಂಕೆ ಬರಬೇಕು. ಪ್ರತಿ ಸಲ ಒತ್ತಿದಾಗಲೂ 5, 20, 8 ಓಮ್ ಎಂದು ಅಂಕೆ ಬದಲಾಗುತ್ತಿದ್ದರೆ ಒಳಗಿನ ಸಂಪರ್ಕ ಮಸುಕಾಗಿದೆ ಎಂದು ತಿಳಿಯಿರಿ. ಸರ್ಕ್ಯೂಟಿನ ಬೇರೆ ದಾರಿಗಳಿಂದ ತಪ್ಪು ಅಂಕೆ ಬರುವ ಸಾಧ್ಯತೆ ಇರುವುದರಿಂದ ಸಂಶಯ ಬಂದರೆ ನಡುವಿನ ಪಿನ್ನಿನ ವೈರ್ ಬಿಡಿಸಿ ಮತ್ತೆ ಅಳೆಯಿರಿ.

ಒತ್ತಿದಾಗ ಸ್ಪೀಕರಿನಿಂದ ‘ಡಬ್’ ಎಂಬ ಸದ್ದು ಬರುವುದನ್ನೂ ಅನೇಕರು ಸ್ವಿಚ್ ದೋಷ ಎನ್ನುತ್ತಾರೆ. ಅದು ಹೆಚ್ಚಾಗಿ ಇನ್‌ಪುಟ್ ಅಥವಾ ಔಟ್‌ಪುಟ್ ಕಡೆಯ ಹಳೆಯ ಕೆಪಾಸಿಟರ್ ಸೋರಿಕೆಯಿಂದ ಸೇರುವ ವೋಲ್ಟೇಜಿನ ಸದ್ದು. ಆ ಕಡೆಯಿಂದ ಗ್ರೌಂಡಿಗೆ 1 ಮೆಗಾಓಮ್ ರೆಸಿಸ್ಟರ್ ಜೋಡಿಸಿದರೆ ಅಥವಾ ಕೆಪಾಸಿಟರ್ ಬದಲಿಸಿದರೆ ನಿಲ್ಲುತ್ತದೆ, ಹೊಸ ಸ್ವಿಚ್ಚಿನಿಂದ ನಿಲ್ಲುವುದಿಲ್ಲ.

ಹಂತ 4: ಶುಚಿಗೊಳಿಸಿ ನೋಡಿ

ಕಾಂಟ್ಯಾಕ್ಟ್ ಕ್ಲೀನರಿನ ಒಂದೆರಡು ಹನಿಯನ್ನು ಗುಂಡಿಯ ಬುಡದಲ್ಲಿ ಅಥವಾ ಪಿನ್‌ಗಳ ಪಕ್ಕದ ಸಂದಿಯಲ್ಲಿ ಬಿಟ್ಟು, ಮೂವತ್ತು ನಲವತ್ತು ಸಲ ಒತ್ತಿ, ಒಣಗಲು ಬಿಟ್ಟು, ಮತ್ತೆ ಅಳೆಯಿರಿ. ಮನೆಯಲ್ಲಿ ತುಕ್ಕು ಬಿಡಿಸಲು, ಬಾಗಿಲ ತಿರುಗಣಿಗೆ ಹೊಡೆಯಲು ಇಟ್ಟುಕೊಂಡ ಎಣ್ಣೆಯ ಸ್ಪ್ರೇಯನ್ನು ಬಳಸಬೇಡಿ. ಅದು ಉಳಿಸುವ ಜಿಡ್ಡಿಗೆ ನಮ್ಮ ಧೂಳು ಅಂಟಿಕೊಂಡು ಕೆಲವೇ ತಿಂಗಳಲ್ಲಿ ಮೊದಲಿಗಿಂತ ಕೆಟ್ಟ ಸ್ಥಿತಿ ಬರುತ್ತದೆ. ಶುಚಿಗೊಳಿಸಿದ ಸ್ವಿಚ್ ಮರಳಿ ಕೆಲಸ ಮಾಡಿದರೂ ಅದನ್ನು ತಾತ್ಕಾಲಿಕ ಎಂದೇ ಭಾವಿಸಿ ಬದಲಿ ಸ್ವಿಚ್ಚನ್ನು ತರಿಸಿಟ್ಟುಕೊಳ್ಳುವುದು ಒಳಿತು. ಸಂಗ್ರಹಯೋಗ್ಯವಾದ ಹಳೆಯ ಪೆಡಲ್ ಆಗಿದ್ದರೆ ಮಾತ್ರ ಮೂಲ ಸ್ವಿಚ್ಚನ್ನು ಆದಷ್ಟು ಕಾಲ ಉಳಿಸಿಕೊಳ್ಳಲು ಯತ್ನಿಸಿ, ಮತ್ತು ಬದಲಿಸಿದರೂ ತೆಗೆದದ್ದನ್ನು ಚೀಟಿ ಬರೆದ ಪೊಟ್ಟಣದಲ್ಲಿ ಇಡಿ. ಮುಂದೆ ಮಾರುವಾಗ ಆ ಪೊಟ್ಟಣಕ್ಕೂ ಬೆಲೆ ಇರುತ್ತದೆ.

ಹಂತ 5: ಟ್ಯಾಕ್ಟ್ ಸ್ವಿಚ್ ಬದಲಿಸುವುದು

ಹಳೆಯ ಸ್ವಿಚ್ಚಿನ ಉದ್ದಗಲ ಮಾತ್ರವಲ್ಲ, ಗುಂಡಿಯ ತುದಿಯವರೆಗಿನ ಎತ್ತರವನ್ನೂ ಅಳೆಯಿರಿ. 6×6 ಮಿಲಿಮೀಟರ್ ಸ್ವಿಚ್ಚುಗಳು 4.3, 5, 7, 9.5 ಹೀಗೆ ಹಲವು ಎತ್ತರಗಳಲ್ಲಿ ಬರುತ್ತವೆ. ಗಿಡ್ಡವಾದರೆ ಮುಚ್ಚಳ ತಲುಪುವುದಿಲ್ಲ. ಎತ್ತರವಾದರೆ ಮುಚ್ಚಳ ಯಾವಾಗಲೂ ಒತ್ತಿದಂತೆಯೇ ಇದ್ದು, ಕಾಲಿನ ಪೂರ್ತಿ ಭಾರ ಸ್ವಿಚ್ಚಿನ ಮೇಲೆಯೇ ಬಿದ್ದು ಅದು ಬೇಗನೆ ಒಡೆಯುತ್ತದೆ. ಬಾಸ್ ಪೆಡಲ್‌ಗಳ ಸ್ವಿಚ್ಚಿಗೆ ಹೊಂದುವ ಬಿಡಿಭಾಗವೇ ಪ್ರತ್ಯೇಕವಾಗಿ ದೊರೆಯುವುದರಿಂದ, ಸಾಧ್ಯವಾದರೆ ಅದನ್ನೇ ತರಿಸುವುದು ಉತ್ತಮ.

ನಾಲ್ಕು ಪಿನ್‌ಗಳ ಟ್ಯಾಕ್ಟ್ ಸ್ವಿಚ್ಚಿನಲ್ಲಿ ಎರಡೆರಡು ಪಿನ್‌ಗಳು ಒಳಗೇ ಒಂದಕ್ಕೊಂದು ಸೇರಿರುತ್ತವೆ. ಅದನ್ನು 90 ಡಿಗ್ರಿ ತಿರುಗಿಸಿ ಕೂರಿಸಿದರೆ ಸದಾ ಒತ್ತಿದ ಸ್ಥಿತಿಯಲ್ಲೇ ಇರುತ್ತದೆ. ಕೂರಿಸುವ ಮುನ್ನ ಮೀಟರಿನಿಂದ ಜೋಡಿಗಳನ್ನು ಗುರುತಿಸಿಕೊಳ್ಳಿ.

ಬೆಸುಗೆ ತೆಗೆಯುವಾಗ ಅವಸರ ಬೇಡ. ಹಳೆಯ ಬೆಸುಗೆಯ ಮೇಲೆ ಮೊದಲು ಸ್ವಲ್ಪ ಹೊಸ ಸೋಲ್ಡರ್ ಸೇರಿಸಿ ಕರಗಿಸಿದರೆ ಅದು ಸುಲಭವಾಗಿ ಹರಿಯುತ್ತದೆ. ನಂತರ ಪಂಪಿನಿಂದ ಹೀರಿ. ಹಳೆಯ ಕಂದು ಬಣ್ಣದ ಬೋರ್ಡುಗಳಲ್ಲಿ ತಾಮ್ರದ ಗೆರೆಗಳನ್ನು ಹಿಡಿದಿರುವ ಅಂಟು ದುರ್ಬಲವಾಗಿರುತ್ತದೆ. ಒಂದೇ ಬಿಂದುವಿನ ಮೇಲೆ ಐರನ್ನನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಬಿಡದಿದ್ದರೆ ತಣ್ಣಗಾಗಲು ಬಿಟ್ಟು ಮತ್ತೆ ಪ್ರಯತ್ನಿಸಿ, ಮತ್ತು ಬೆಸುಗೆ ಪೂರ್ತಿ ಕರಗದೆ ಸ್ವಿಚ್ಚನ್ನು ಎಳೆಯಲೇಬೇಡಿ. ಹಳೆಯ ಸ್ವಿಚ್ಚನ್ನು ಉಳಿಸಬೇಕಿಲ್ಲದಿದ್ದರೆ ಅದರ ಪಿನ್‌ಗಳನ್ನು ಸಣ್ಣ ಕಟ್ಟರಿನಿಂದ ಕತ್ತರಿಸಿ ಒಂದೊಂದಾಗಿ ತೆಗೆಯುವುದೇ ಬೋರ್ಡಿಗೆ ಅತ್ಯಂತ ಸುರಕ್ಷಿತ ದಾರಿ.

ಹಂತ 6: ಲ್ಯಾಚಿಂಗ್ ಸ್ವಿಚ್ ಬದಲಿಸುವುದು

ಮೂಲದಲ್ಲಿದ್ದ ಜಾತಿಯ ಸ್ವಿಚ್ಚನ್ನೇ ಹಾಕುವುದಾದರೆ ಕೆಲಸ ಸರಳ: ಹೊಸದನ್ನು ಹಳೆಯದರ ಪಕ್ಕದಲ್ಲಿ ಅದೇ ದಿಕ್ಕಿಗೆ ಹಿಡಿದು, ವೈರ್‌ಗಳನ್ನು ಒಂದೊಂದಾಗಿ ಬಿಡಿಸಿ ಒಂದೊಂದಾಗಿ ವರ್ಗಾಯಿಸಿ. ಎಲ್ಲವನ್ನೂ ಒಮ್ಮೆಗೇ ಬಿಡಿಸಿದರೆ ಫೋಟೊ ಇದ್ದರೂ ಗೊಂದಲವಾಗುತ್ತದೆ.

ಅನೇಕರು ಈ ಅವಕಾಶದಲ್ಲಿ 9 ಪಿನ್ನಿನ ಸ್ವಿಚ್ ಹಾಕಿ ‘ಟ್ರೂ ಬೈಪಾಸ್’ ಮಾಡಿಸಿಕೊಳ್ಳಲು ಬಯಸುತ್ತಾರೆ. ಪೆಡಲ್ ಆಫ್ ಇದ್ದಾಗ ಗಿಟಾರಿನ ಧ್ವನಿ ಸರ್ಕ್ಯೂಟನ್ನು ಎಲ್ಲಿಯೂ ಮುಟ್ಟದೆ ನೇರವಾಗಿ ಹೊರಹೋಗುವ ವ್ಯವಸ್ಥೆ ಅದು. 3 ಪಿನ್ನಿನ ಹಳೆಯ ವಾ ಪೆಡಲ್‌ಗಳಲ್ಲಿ ಆಫ್ ಸ್ಥಿತಿಯಲ್ಲೂ ಸರ್ಕ್ಯೂಟ್ ಗಿಟಾರಿಗೆ ಅಂಟಿಕೊಂಡೇ ಇದ್ದು ಧ್ವನಿಯ ತೀಕ್ಷ್ಣತೆ ತಗ್ಗುವುದರಿಂದ ಅಲ್ಲಿ ಈ ಬದಲಾವಣೆಗೆ ಅರ್ಥವಿದೆ. ಕ್ಷಣಿಕ ಸ್ವಿಚ್ಚಿನ ಬಾಸ್ ಪೆಡಲಿಗೆ ಇದನ್ನು ಮಾಡಲು ಹೋಗಿ ಚೆನ್ನಾಗಿರುವ ಒಡಲಿಗೆ ತೂತು ಕೊರೆಯುವುದನ್ನು ನಾನು ಒಪ್ಪುವುದಿಲ್ಲ. ಉದ್ದ ಕೇಬಲ್ ಬಳಸುವ ನಮ್ಮ ವೇದಿಕೆಗಳಲ್ಲಿ ಅದರೊಳಗಿನ ಬಫರ್, ಅಂದರೆ ಧ್ವನಿ ಸಂಕೇತಕ್ಕೆ ಬಲ ಕೊಡುವ ಭಾಗ, ಉಪಕಾರವನ್ನೇ ಮಾಡುತ್ತದೆ.

ಜೋಡಣೆ ಹೀಗಿದೆ. ಸ್ವಿಚ್ಚಿನ ಹಿಂಬದಿ ನಿಮ್ಮ ಕಡೆ ಇರಲಿ, ಚಪ್ಪಟೆ ಪಿನ್‌ಗಳು ಅಡ್ಡಗೆರೆಗಳಂತೆ ಕಾಣುವ ಹಾಗೆ ಹಿಡಿಯಿರಿ. ಆಗ ಮೇಲಿನಿಂದ ಕೆಳಗಿನ ಒಂದೊಂದು ಕಂಬಸಾಲೂ ಒಂದೊಂದು ದಾರಿ. ಎಡ ಸಾಲಿನ ನಡುವಿನ ಪಿನ್ನಿಗೆ ಇನ್‌ಪುಟ್ ಜ್ಯಾಕ್, ಕೆಳಗಿನದಕ್ಕೆ ಸರ್ಕ್ಯೂಟಿನ ಪ್ರವೇಶ. ಬಲ ಸಾಲಿನ ನಡುವಿನ ಪಿನ್ನಿಗೆ ಔಟ್‌ಪುಟ್ ಜ್ಯಾಕ್, ಕೆಳಗಿನದಕ್ಕೆ ಸರ್ಕ್ಯೂಟಿನ ನಿರ್ಗಮ. ಎಡ ಮತ್ತು ಬಲ ಸಾಲುಗಳ ಮೇಲಿನ ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಪರಸ್ಪರ ಸೇರಿಸಿ, ಆದರೆ ಅದು ನಡುಸಾಲಿನ ಮೇಲಿನ ಪಿನ್ನಿಗೆ ತಾಗದಿರಲಿ. ನಡು ಸಾಲಿನ ನಡುವಿನ ಪಿನ್ನಿಗೆ ಗ್ರೌಂಡ್, ಕೆಳಗಿನದಕ್ಕೆ ಎಲ್‌ಇಡಿಯ ಋಣ ತುದಿ. ಅದರ ಧನ ತುದಿ 4.7 ಕಿಲೋಓಮ್ ರೆಸಿಸ್ಟರಿನ ಮೂಲಕ 9 ವೋಲ್ಟಿಗೆ ಹೋಗುತ್ತದೆ. ಇದು ಋಣ ತುದಿ ಗ್ರೌಂಡ್ ಆಗಿರುವ ಪೆಡಲಿನ ಲೆಕ್ಕ. ಧನ ಗ್ರೌಂಡಿನ ಪೆಡಲಿನಲ್ಲಿ ಎಲ್‌ಇಡಿಯ ತುದಿಗಳು ಅದಲುಬದಲಾಗುತ್ತವೆ.

ಈ ಸ್ವಿಚ್ಚಿನ ಹಿಂಬದಿ ಚೌಕವಾಗಿರುವುದರಿಂದ 90 ಡಿಗ್ರಿ ತಿರುಗಿದರೂ ನೋಡಲು ಹಾಗೆಯೇ ಕಾಣುತ್ತದೆ, ಆದರೆ ಜೋಡಣೆ ಸಂಪೂರ್ಣ ತಪ್ಪಾಗುತ್ತದೆ. ವೈರ್ ಹಚ್ಚುವ ಮುನ್ನ ನಡುವಿನ ಪಿನ್ ಯಾವುದರೊಂದಿಗೆ ಬೀಪ್ ಕೊಡುತ್ತದೆ ಎಂದು ನೋಡಿಕೊಳ್ಳುವುದರಲ್ಲಿ ಅರ್ಧ ನಿಮಿಷವೂ ಹೋಗುವುದಿಲ್ಲ.

ಹೊಸ ಲ್ಯಾಚಿಂಗ್ ಸ್ವಿಚ್ಚುಗಳು ಕೆಡಲು ಮುಖ್ಯ ಕಾರಣ ಬೆಸುಗೆಯ ಬಿಸಿಯೇ. ಪಿನ್‌ಗಳು ಪ್ಲಾಸ್ಟಿಕ್ಕಿನಲ್ಲಿ ಹುದುಗಿರುತ್ತವೆ. ಹೆಚ್ಚು ಹೊತ್ತು ಬಿಸಿ ತಗುಲಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಸರಿಯುತ್ತದೆ, ಒಳಗಿನ ಗ್ರೀಸ್ ಕರಗಿ ಸಂಪರ್ಕಗಳ ಮೇಲೆ ಹರಡುತ್ತದೆ. ಪಿನ್ನಿಗೂ ವೈರಿನ ತುದಿಗೂ ಮೊದಲೇ ಬೇರೆ ಬೇರೆಯಾಗಿ ತೆಳುವಾಗಿ ಸೋಲ್ಡರ್ ಹಚ್ಚಿಕೊಂಡು, ನಂತರ ಎರಡನ್ನೂ ಕೂಡಿಸಿ ಎರಡು ಸೆಕೆಂಡು ಬಿಸಿ ಕೊಟ್ಟರೆ ಸಾಕು. ಒಂದು ಪಿನ್ ಮುಗಿದ ಮೇಲೆ ಪಕ್ಕದ್ದಕ್ಕೆ ಹೋಗದೆ ದೂರದ್ದಕ್ಕೆ ಹೋಗಿ, ಹಿಂದಿನದು ತಣ್ಣಗಾಗಲಿ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಸೋಲ್ಡರಿನಲ್ಲಿ ಸೀಸವಿರುವುದರಿಂದ ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಹಂತ 7: ಮರುಜೋಡಣೆ ಮತ್ತು ಪರೀಕ್ಷೆ

ಹಲ್ಲುಗಳಿರುವ ವಾಷರನ್ನು ಪೆಟ್ಟಿಗೆಯ ಒಳಬದಿಯಲ್ಲಿ ಸ್ವಿಚ್ಚಿನ ಕುತ್ತಿಗೆಗೆ ಹಾಕಿ. ಒಡಲು ತಿರುಗದಂತೆ ಹಿಡಿಯುವುದು ಅದೇ. ಹೊರಗಿನ ನಟ್ಟನ್ನು ಬಿಗಿಯುವಾಗ ಒಳಗಿನಿಂದ ಸ್ವಿಚ್ಚನ್ನು ಕೈಯಲ್ಲಿ ಹಿಡಿದಿರಿ, ಇಲ್ಲವಾದರೆ ಈಗಷ್ಟೇ ಹಾಕಿದ ಬೆಸುಗೆಗಳು ತಿರುಚಿಕೊಳ್ಳುತ್ತವೆ. ವೈರ್‌ಗಳು ಬ್ಯಾಟರಿಯ ಕೆಳಗೆ ಅಥವಾ ತಳದ ತಗಡಿನ ಅಂಚಿಗೆ ಸಿಕ್ಕಿಕೊಂಡಿಲ್ಲವೆಂದು ನೋಡಿ, ಪ್ಲಾಸ್ಟಿಕ್ ಹಾಳೆಯನ್ನು ಮರಳಿ ಇಡಿ.

ತಳ ಮುಚ್ಚುವ ಮೊದಲು ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಪರೀಕ್ಷಿಸಿ. ತೆರೆದಾಗ ಕೆಲಸ ಮಾಡಿ ಮುಚ್ಚಿದಾಗ ನಿಂತರೆ ಯಾವುದೋ ಪಿನ್ ತಗಡಿಗೆ ತಾಗುತ್ತಿದೆ ಎಂದರ್ಥ; ಸ್ವಿಚ್ಚಿನ ಒಳಬದಿಯ ನಟ್ಟನ್ನು ಹೊಂದಿಸಿ ಅದರ ಆಳವನ್ನು ಬದಲಿಸಿ. ಮನೆಯಲ್ಲಿ ಬೆರಳಿನಿಂದ ಒತ್ತಿ ತೃಪ್ತಿಪಡದೆ, ವೇದಿಕೆಯ ಮೇಲೆ ಒತ್ತುವಂತೆಯೇ, ನೀವು ಅಲ್ಲಿ ಹಾಕುವ ಚಪ್ಪಲಿ ಅಥವಾ ಬೂಟಿನಲ್ಲಿ, ನಿಂತುಕೊಂಡು, ಆಂಪ್ಲಿಫೈಯರಿನ ಧ್ವನಿ ಏರಿಸಿ, ಐವತ್ತು ಸಲವಾದರೂ ಒತ್ತಿ ನೋಡಿ. ಒಂದೇ ಒಂದು ಸಲ ತಪ್ಪಿದರೂ ಹಂತ 3ಕ್ಕೆ ಮರಳಬೇಕು.

ಪರೀಕ್ಷೆಯಲ್ಲಿ ಪಾಸಾದ ಪೆಡಲನ್ನು ಜಾತ್ರೆಗಳ ಹಂಗಾಮಿನಲ್ಲಿ ಜಿಪ್ ಇರುವ ಚೀಲದಲ್ಲಿ ಸಾಗಿಸಿ. ಕಾರ್ಯಕ್ರಮ ಮುಗಿದ ಮೇಲೆ ಒಣ ಬ್ರಷ್ಷಿನಿಂದ ಗುಂಡಿಯ ಸುತ್ತಲಿನ ಧೂಳು ತೆಗೆಯಿರಿ, ಇನ್‌ಪುಟ್ ಜ್ಯಾಕಿನ ಕೇಬಲ್ ಕಿತ್ತಿಡಿ, ತಿಂಗಳಿಗೊಮ್ಮೆ ಪಾನಾದಿಂದ ನಟ್ಟು ಸಡಿಲವಾಗಿದೆಯೇ ನೋಡಿ. ಕ್ಷಣಿಕ ಸ್ವಿಚ್ಚಿನ ಪೆಡಲಿನಲ್ಲಿ ಹೊಸ ಸ್ವಿಚ್ ಹಾಕಿದ ತಿಂಗಳೊಳಗೇ ಅದೇ ತೊಂದರೆ ಮರಳಿದರೆ ಮತ್ತೊಂದು ಸ್ವಿಚ್ ಕೊಳ್ಳುವ ಮೊದಲು ಮುಚ್ಚಳದ ಎತ್ತರವನ್ನು ಅಳೆಯಿರಿ. ಅಂಥ ಸ್ವಿಚ್ಚನ್ನು ಅವಧಿಗೆ ಮುನ್ನ ಕೊಲ್ಲುವುದು ಬಹುತೇಕ ಅದೇ.